ಬಯೋಬ್ಯಾಂಕಿನಲ್ಲಿ ಇಂಟರ್ನ್‌ಶಿಪ್: ನಿಮ್ಮ ಪ್ರಶ್ನೆ, ಲ್ಯಾಬ್ ಮೇಡಂ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಆಸ್ಪತ್ರೆಯ ಬಯೋಬ್ಯಾಂಕ್ (ಸಂಶೋಧನೆಗೆಂದು ರಕ್ತ, ಗಡ್ಡೆಯ ತುಂಡು ಕೂಡಿಡುವ ಕಡೆ) ಇಂಟರ್ನ್‌ಶಿಪ್ಪಿನವೇ. ಡಿಗ್ರಿಗೆ ಇಂಟರ್ನ್‌ಶಿಪ್ ಸೇರಿಕೊಂಡ ಮೇಲೆ ನಮ್ಮ ಕಡೆಯ ಹುಡುಗರು ಬೆಂಗಳೂರು, ಹೈದರಾಬಾದ್ ಅಂತ ಅರ್ಜಿ ಹಾಕುತ್ತಿದ್ದಾರೆ. ಒಳ್ಳೆಯದೇ. ನಾನು ಬಳ್ಳಾರಿಯ ಲ್ಯಾಬಿನಲ್ಲಿ ಕೆಲಸ ಕಲಿತು, ಬೆಂಗಳೂರಿನ ಆಸ್ಪತ್ರೆಯೊಂದರ ಬಯೋಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದವಳು. ಈಗ ಮತ್ತೆ ಬಳ್ಳಾರಿ. ನೇರವಾಗಿ ಹೇಳುವ ಅಭ್ಯಾಸ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಬಿ.ಎಸ್ಸಿ. ಬಯೋಟೆಕ್ನಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಬೆಂಗಳೂರಿನ ಆಸ್ಪತ್ರೆಯ ಬಯೋಬ್ಯಾಂಕಿನಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. "ಅಲ್ಲಿ ಟ್ಯೂಬಿಗೆ ಸ್ಟಿಕರ್ ಅಂಟಿಸೋದು ಬಿಟ್ರೆ ಏನೂ ಕಲಿಸಲ್ಲ, ಪಿಸಿಆರ್ ಮಾಡೋ ಲ್ಯಾಬ್ ಹುಡುಕು" ಅಂತ ಸೀನಿಯರ್ ಹೇಳ್ತಾನೆ. ಹೋಗಲಾ, ಬೇಡವಾ ಮೇಡಂ?
– ವಿದ್ಯಾರ್ಥಿನಿ, ಸಿರುಗುಪ್ಪ

ಉತ್ತರ: ಹೋಗು ತಂಗಿ. ನಿನ್ನ ಸೀನಿಯರ್ ಸುಳ್ಳೇನೂ ಹೇಳಿಲ್ಲ, ಸ್ಟಿಕರ್ ಅಂಟಿಸುವುದು ಇದ್ದೇ ಇದೆ. ಅದನ್ನು ಸಣ್ಣ ಕೆಲಸ ಅಂದುಕೊಂಡಿದ್ದಾನಲ್ಲ, ಅಲ್ಲಿ ತಪ್ಪಿದ್ದಾನೆ.

ಬಯೋಬ್ಯಾಂಕಿನಲ್ಲಿ ನಡೆಯುವುದು ಇಷ್ಟು. ರೋಗಿಗಳು, ಕೆಲವು ಕಡೆ ಆರೋಗ್ಯವಂತರೂ, ಒಪ್ಪಿ ಕೊಟ್ಟ ರಕ್ತ, ಮೂತ್ರ, ಆಪರೇಷನ್‌ನಲ್ಲಿ ತೆಗೆದು ರೋಗಪರೀಕ್ಷೆಗೆ ಕಳಿಸಿದ ಮೇಲೆ ಉಳಿದ ಗಡ್ಡೆಯ ತುಂಡು, ಇವನ್ನೆಲ್ಲ ರೋಗದ ವಿವರದ ಜೊತೆ ಜೋಪಾನ ಮಾಡುತ್ತಾರೆ. ನಾಳೆಯೋ ಹತ್ತು ವರ್ಷದ ಮೇಲೋ ಸಂಶೋಧಕರು ಕೇಳಿದರೆ, ಕಮಿಟಿ ನೋಡಿ ಒಪ್ಪಿದರೆ, ಕೊಡುತ್ತಾರೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕೇ ಇದೆ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಕ್ಯಾನ್ಸರ್ ಗಡ್ಡೆಗಳ ಭಂಡಾರವಿದೆ. ಹತ್ತು ಸಾವಿರ ಭಾರತೀಯರ ಜೀನೋಮ್ (ಪೂರ್ತಿ ಡಿಎನ್‌ಎ) ಓದಿದರಲ್ಲ, ಆ ಯೋಜನೆಗೆ ಕೂಡಿಸಿದ ಸುಮಾರು 20,000 ರಕ್ತದ ಸ್ಯಾಂಪಲ್ ಇರುವುದು ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದಲ್ಲಿ. ಪಿಸಿಆರ್, ಅಂದರೆ ಡಿಎನ್‌ಎ ಪ್ರತಿ ಹೆಚ್ಚಿಸಿ ನೋಡುವ ಪರೀಕ್ಷೆ, ಮಾಡುವವರೆಲ್ಲ ಕೊನೆಗೆ ಇಂಥ ಕಡೆಯಿಂದ ಬಂದ ಟ್ಯೂಬನ್ನೇ ನಂಬಿ ಕೂರಬೇಕು.

ಈಗ ಒಂದು ಟ್ಯೂಬಿನ ಹಿಂದೆ ಹೋಗೋಣ. ಬೆಳಿಗ್ಗೆ ಒಪಿಡಿಯಲ್ಲಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟ್ಯೂಬ್) ರಕ್ತ ತೆಗೆದರು. ಆ ಕ್ಷಣವೇ ಗಡಿಯಾರ ನೋಡಿ ಹೊತ್ತು ಬರೆಯಬೇಕು. ಯಾಕೆ ಅಂದರೆ ಮೈಯಿಂದ ಹೊರಗೆ ಬಂದರೂ ರಕ್ತಕಣಗಳು ಬದುಕಿರುತ್ತವೆ, ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವ ಭಾಗದಲ್ಲಿ, ಇರುವ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಟ್ಯೂಬಿನಲ್ಲಿ ಟೇಬಲ್ ಮೇಲೆ ಬಿಟ್ಟರೆ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಸಕ್ಕರೆ ನೋಡುವುದಕ್ಕೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬೇರೆ ಇರುವುದು ಇದಕ್ಕೇ. ಒಬ್ಬರ ರಕ್ತ ಅರ್ಧ ಗಂಟೆಯಲ್ಲಿ ಫ್ರೀಜರ್ ಸೇರಿ, ಇನ್ನೊಬ್ಬರದ್ದು ಊಟದ ಹೊತ್ತು ಮುಗಿಯುವವರೆಗೆ ಕಾದು ಸೇರಿದರೆ, ಮುಂದೆ ಸಂಶೋಧಕನಿಗೆ ಕಾಣುವ ವ್ಯತ್ಯಾಸ ರೋಗದ್ದೋ ನಮ್ಮ ಊಟದ್ದೋ? ಹೊತ್ತು ಬರೆದಿದ್ದರೆ ಹೇಳಬಹುದು. ಬರೆಯದಿದ್ದರೆ ದೇವರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಸೆಂಟ್ರಿಫ್ಯೂಜ್. ತಿರುಗಿಸಿ ತೆಗೆದರೆ ಮೇಲೆ ಹಳದಿ ಪ್ಲಾಸ್ಮಾ, ತಳದಲ್ಲಿ ಕೆಂಪು ಕಣ, ನಡುವೆ ಹಾಲಿನ ಕೆನೆಯಷ್ಟು ತೆಳುವಾದ ಬಿಳಿ ಪದರ. ಅದಕ್ಕೆ ಬಫಿ ಕೋಟ್ ಅನ್ನುತ್ತೇವೆ, ಡಿಎನ್‌ಎ ತೆಗೆಯುವುದು ಅದರಿಂದ. ಪ್ಲಾಸ್ಮಾ ಹೀರುವಾಗ ಪಿಪೆಟ್ ತುದಿ ಆ ಪದರಕ್ಕೆ ತಾಗಬಾರದು, ಸ್ವಲ್ಪ ಮೇಲೆಯೇ ನಿಲ್ಲಿಸಬೇಕು. ಉಳಿದ ಆ ಚೂರಿಗೆ ಆಸೆಪಡಬಾರದು. ಮೊದಲ ವಾರ ಎಲ್ಲರ ಕೈಯೂ ನಡುಗುತ್ತದೆ. ಪ್ಲಾಸ್ಮಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಕಣ ಒಡೆದಿವೆ ಅಂತ ಲೆಕ್ಕ. ಅದನ್ನು ಬಚ್ಚಿಡದೆ ರಿಜಿಸ್ಟರಿನಲ್ಲಿ ಬರೆಯಬೇಕು. ತೆಗೆದ ಪ್ಲಾಸ್ಮಾವನ್ನು ಅರ್ಧರ್ಧ ಎಂಎಲ್‌ನಂತೆ ಕ್ರಯೋವೈಲ್ ಅನ್ನುವ, ಚಳಿ ತಡೆಯುವ ಸಣ್ಣ ಟ್ಯೂಬುಗಳಿಗೆ ಹಂಚುತ್ತಾರೆ. ದೊಡ್ಡ ಟ್ಯೂಬಿನಲ್ಲಿಟ್ಟರೆ ಕೇಳಿದಾಗಲೆಲ್ಲ ಕರಗಿಸಿ ಮತ್ತೆ ಗಡ್ಡೆ ಕಟ್ಟಿಸಬೇಕಾಗುತ್ತದೆ, ಪ್ರತಿ ಸಲವೂ ಒಳಗಿನ ಪ್ರೋಟೀನು ಕೆಡುತ್ತಾ ಹೋಗುತ್ತದೆ.

ಇನ್ನು ನಿನ್ನ ಸೀನಿಯರ್‌ನ ಸ್ಟಿಕರ್. ಅಂಗಡಿಯ ಮಾಮೂಲಿ ಸ್ಟಿಕರ್ ಮೈನಸ್ 80 ಡಿಗ್ರಿಯಲ್ಲಿ ಸಿಪ್ಪೆಯಾಗಿ ಉದುರುತ್ತದೆ. ಮಾರ್ಕರ್ ಪೆನ್ನಿನ ಬರಹ ಸ್ಪಿರಿಟ್ ಬಿದ್ದರೆ ಅಳಿಸಿ ಹೋಗುತ್ತದೆ. ಆ ಚಳಿಗೆಂದೇ ಮಾಡಿದ ಲೇಬಲ್ ಬೇರೆ ಇದೆ. ಅದನ್ನೂ ಒಣಗಿದ ಟ್ಯೂಬಿಗೆ, ತುಂಬುವ ಮೊದಲೇ ಅಂಟಿಸಿರಬೇಕು. ಹಿಮ ಹಿಡಿದ ಮೇಲೆ ಸಾಮಾನ್ಯವಾಗಿ ಅಂಟುವುದಿಲ್ಲ. ಹೆಸರಿನ ಗೊಂದಲ ಬೇರೆ. ಬಳ್ಳಾರಿ ಒಪಿಡಿಯಲ್ಲಿ "ಎರ್ರಿಸ್ವಾಮಿ" ಅಂತ ಕೂಗಿ ನೋಡು, ಮೂವರು ಎದ್ದು ಬರುತ್ತಾರೆ. ಕೊಪ್ಪಳದಲ್ಲಿ "ಹುಲಿಗೆಮ್ಮ" ಅಂದರೆ ಅರ್ಧ ಬೆಂಚು ಏಳುತ್ತದೆ. ಅದಕ್ಕೇ "ನೀವು ಹುಲಿಗೆಮ್ಮಾನಾ?" ಅಂತ ಕೇಳಬಾರದು, ಸುಸ್ತಾಗಿ ಕೂತವರು ಯಾವುದಕ್ಕೂ ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರು ಹೇಳ್ರಿ, ವಯಸ್ಸೆಷ್ಟು?" ಅಂತ ಅವರ ಬಾಯಿಂದಲೇ ಹೇಳಿಸಿ, ಆಸ್ಪತ್ರೆ ನಂಬರಿಗೆ ತಾಳೆ ನೋಡಿ, ಆಮೇಲೆ ಟ್ಯೂಬ್ ಮುಟ್ಟಬೇಕು. ಗುರುತು ತಪ್ಪಿದ ಸ್ಯಾಂಪಲ್ ಎಷ್ಟು ಚೆನ್ನಾಗಿದ್ದರೂ ಹಳದಿ ಚೀಲಕ್ಕೆ ಹೋಗುವ ಕಸ. ಅಷ್ಟೇ ಅಲ್ಲ, ಬಿಸಾಡದೆ ಉಳಿದರೆ ಕಸಕ್ಕಿಂತ ಕೆಟ್ಟದ್ದು.

ಪಿಸಿಆರ್ ಮಷೀನು ಆಮೇಲೂ ಕಲಿಯಬಹುದು, ಅದರ ಗುಂಡಿ ಎಲ್ಲ ಕಡೆ ಒಂದೇ. ಹೊತ್ತು, ಗುರುತು, ಬರಹ ಈ ಮೂರರ ಶಿಸ್ತು ಕೈಗೆ ಹತ್ತುವುದು ಇಂಥ ಜಾಗದಲ್ಲೇ. ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ ಈಗಲೇ ಮಾಡಿಸು, ಬೇಸಿಗೆ ರಜೆಯಲ್ಲಿ ಸಿಗುವುದಿಲ್ಲ.

ಪ್ರಶ್ನೆ: ಮಗಳಿಗೆ ಬಯೋಬ್ಯಾಂಕ್ ಟ್ರೈನಿಂಗ್ ಸಿಕ್ಕಿದೆ ಅಂತಾಳೆ. ಯಾರ್ಯಾರದೋ ರೋಗದ ರಕ್ತ ಮುಟ್ಟೋ ಕೆಲಸ. ಮನೆಯಲ್ಲಿ ಅವರಮ್ಮ ಹೆದರಿ ಕೂತಿದ್ದಾರೆ. ಕಳಿಸಬಹುದಾ?
– ಕಿರಾಣಿ ವ್ಯಾಪಾರಿ, ಕುಷ್ಟಗಿ

ಉತ್ತರ: ಕಳಿಸಿ ಅಣ್ಣಾವ್ರೇ. ಆದರೆ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಮೂರು ಡೋಸ್: ಇವತ್ತೊಂದು, ಒಂದು ತಿಂಗಳಿಗೊಂದು, ಆರು ತಿಂಗಳಿಗೊಂದು. ಚಿಕ್ಕಂದಿನಲ್ಲಿ ಹಾಕಿಸಿದ್ದರೆ ಆ ಕಾರ್ಡ್ ಹುಡುಕಿ, ಡಾಕ್ಟರಿಗೆ ತೋರಿಸಿ. ಹೊರಡುವ ಹಿಂದಿನ ವಾರ ನೆನಪಾದರೆ ಪೂರ್ತಿ ಪ್ರಯೋಜನವಿಲ್ಲ, ಅದಕ್ಕೇ ಮೊದಲು ಹೇಳಿದೆ.

ಸಾಮಾನ್ಯವಾಗಿ ಇಂಟರ್ನ್‌ಗಳ ಕೈಯಲ್ಲಿ ರಕ್ತ ತೆಗೆಸುವುದಿಲ್ಲ, ತೆಗೆದು ಬಂದ ಟ್ಯೂಬ್ ನೋಡಿಕೊಳ್ಳುವುದು ಅವರ ಕೆಲಸ. ಗ್ಲೌಸ್, ಏಪ್ರನ್, ಮುಚ್ಚಿದ ಶೂ, ಕಟ್ಟಿದ ಕೂದಲು. ಚಪ್ಪಲಿಯಲ್ಲಿ ಬಂದರೆ ನಾನು ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದೆ. ಅಪ್ಪಿತಪ್ಪಿ ಸೂಜಿ ಚುಚ್ಚಿತೋ, ಒತ್ತಿ ರಕ್ತ ಹಿಂಡಬಾರದು, ಸೋಪು ನೀರಿನಲ್ಲಿ ತೊಳೆದು ತಕ್ಷಣ ಮೇಲಿನವರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ. ಬೈತಾರೆ ಅಂತ ಹೆದರಿ ಹಾಸ್ಟೆಲಿಗೆ ಹೋಗಿ ಮಲಗುವ ಮಕ್ಕಳಿದ್ದಾರೆ. ಮಗಳಿಗೆ ನೀವೇ ಹೇಳಿ ಕಳಿಸಿ: ಬೈಗುಳ ಬಿದ್ದರೆ ಬೀಳಲಿ, ಮುಚ್ಚಿಡಬೇಡ.

ರಕ್ತಕ್ಕಿಂತ ನನಗೆ ಭಯ ಇದ್ದದ್ದು ದ್ರವ ನೈಟ್ರೋಜನ್ ಕೋಣೆಯದ್ದು. ಮೈನಸ್ 196 ಡಿಗ್ರಿ, ಕೈ ಸುಡುತ್ತದೆ ಅನ್ನುವುದು ಕಣ್ಣಿಗೆ ಕಾಣುವ ಅಪಾಯ. ಕಾಣದ್ದು ಬೇರೆ ಇದೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಕೋಣೆಯ ಆಮ್ಲಜನಕವನ್ನು ಹೊರಗೆ ತಳ್ಳುತ್ತದೆ, ಉಸಿರು ಕಟ್ಟುವ ಮುನ್ಸೂಚನೆಯೂ ಸಿಗುವುದಿಲ್ಲ. ಆಮ್ಲಜನಕದ ಅಲಾರ್ಮ್ ಇಲ್ಲದ ಕೋಣೆಗೆ ಹೋಗಬಾರದು, ಒಬ್ಬಳೇ ಹೋಗಬಾರದು, ನೈಟ್ರೋಜನ್ ಕ್ಯಾನಿನ ಜೊತೆ ಲಿಫ್ಟ್ ಹತ್ತಬಾರದು. ಇಷ್ಟು ಪಾಲಿಸಿದರೆ ಅವರಮ್ಮ ನಿಶ್ಚಿಂತೆಯಿಂದ ಇರಬಹುದು.

ಪ್ರಶ್ನೆ: ರಾಯಚೂರಿನವನು, ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ವಿದ್ಯಾರ್ಥಿ. ಈಗ ಬೆಂಗಳೂರಲ್ಲಿ ಇಂಟರ್ನ್. ನಮ್ಮ ಕಡೆಯ ರೋಗಿಗಳು ಬಂದರೆ ಒಪ್ಪಿಗೆ ಪತ್ರ ತಿಳಿಸಿ ಹೇಳೋಕೆ ನನ್ನನ್ನೇ ಕರೀತಾರೆ. "ರಕ್ತ ಒಯ್ದು ಮಾರ್ತೀರೇನು? ನನಗೇನ್ ಸಿಗ್ತೈತಿ?" ಅಂತ ಕೇಳಿದಾಗ ಬಾಯಿ ಕಟ್ಟುತ್ತೆ. ಏನು ಹೇಳಲಿ?
– ವಿದ್ಯಾರ್ಥಿ, ರಾಯಚೂರು

ಉತ್ತರ: ಮೊದಲು ಒಂದು ಮಾತು ತಮ್ಮಾ. ಒಪ್ಪಿಗೆ ತೆಗೆದುಕೊಳ್ಳುವುದು ತರಬೇತಾದ ಸಿಬ್ಬಂದಿಯ ಕೆಲಸ. ನೀನು ಪಕ್ಕದಲ್ಲಿ ಕೂತು ಮಾತು ದಾಟಿಸಬಹುದು, ಒಬ್ಬನನ್ನೇ ಕೂರಿಸಿ ಸಹಿ ಹಾಕಿಸಿ ಅಂದರೆ "ಸರ್, ನೀವೂ ಬನ್ನಿ" ಅನ್ನು. ಅದರಲ್ಲಿ ನಾಚಿಕೆ ಏನಿಲ್ಲ.

"ನನಗೇನ್ ಸಿಗ್ತೈತಿ" ಅಂದರೆ ಇದ್ದದ್ದು ಇದ್ದಂತೆ ಹೇಳು: ನಿಮಗೆ ಇವತ್ತು ಏನೂ ಸಿಗಂಗಿಲ್ಲ. ಕೊಟ್ರೂ ಅದೇ ಟ್ರೀಟ್‌ಮೆಂಟು, ಕೊಡಲಿಲ್ಲಂದ್ರೂ ಅದೇ ಟ್ರೀಟ್‌ಮೆಂಟು, ಡಾಕ್ಟರ್ ಸಿಟ್ಟಾಗಂಗಿಲ್ಲ. ಎಷ್ಟು ರಕ್ತ ಅಂದರೆ ಎರಡು ಟೀ ಚಮಚದಷ್ಟು, ಹತ್ತು ಎಂಎಲ್. ರಕ್ತದಾನ ಶಿಬಿರದಲ್ಲಿ ತೆಗೆಯುವುದು 350 ಎಂಎಲ್, ಅದು ಇನ್ನೊಬ್ಬರ ಮೈಗೆ ಹೋಗುತ್ತದೆ, ಇದು ಯಾರ ಮೈಗೂ ಹೋಗುವುದಿಲ್ಲ. ಈ ವ್ಯತ್ಯಾಸ ಹೇಳಿದರೆ ಅರ್ಧ ಅನುಮಾನ ಅಲ್ಲೇ ಇಳಿಯುತ್ತದೆ.

ನಾನಿದ್ದಾಗ ಲಿಂಗಸುಗೂರು ಕಡೆಯ ಒಬ್ಬ ಯಜಮಾನರು ಬಂದಿದ್ದರು. ಕುತ್ತಿಗೆಯ ಗಡ್ಡೆ ಆಪರೇಷನ್. ಉಳಿದ ತುಂಡನ್ನು ಇಟ್ಟುಕೊಳ್ಳಲು ಒಪ್ಪಿಗೆ ಕೇಳಿದೆವು. ಅವರು ಪತ್ರ ನೋಡಲಿಲ್ಲ, ನನ್ನ ಮುಖ ನೋಡಿದರು. "ತೆಗೆದ ಗಡ್ಡಿ ಹೆಂಗೂ ಒಗಿತೀರಿ. ಒಗಿಯೋದಕ್ಕ ಯಾಕ ಬೇಕು ನನ್ನ ಹೆಬ್ಬೆಟ್ಟು?" ಪಕ್ಕದಲ್ಲಿದ್ದ ಎಂ.ಡಿ. ಹುಡುಗ ನಕ್ಕ. ನನಗೆ ನಗು ಬರಲಿಲ್ಲ, ಅದಕ್ಕಿಂತ ಸರಿಯಾದ ಪ್ರಶ್ನೆ ನಾನು ಕೇಳಿರಲಿಲ್ಲ. "ಒಗಿಯಂಗಿಲ್ಲರಿ ಯಜಮಾನ್ರೇ, ಇಡ್ತೀವಿ. ನಿಮ್ಮ ರೋಗ ಏನು, ವಯಸ್ಸೆಷ್ಟು, ಬೀಡಿ ಸೇದ್ತಿದ್ರೋ ಇಲ್ಲೋ ಅನ್ನೋದರ ಜೊತೀಗೆ ಇಡ್ತೀವಿ. ನಿಮ್ಮ ಹೆಸರು ತೆಗೆದು ನಂಬರ್ ಹಾಕ್ತೀವಿ. ಮುಂದೆ ಯಾರೋ ಅದನ್ನ ಕೊಯ್ದು ನೋಡ್ತಾರ. ಒಗಿಯೋದಿದ್ರ ಕೇಳ್ತಿರಲಿಲ್ಲ" ಅಂದೆ. ಆಗ ಸೊಸೆ ಬಾಯಿ ಬಿಟ್ಟಳು: "ಅದರಾಗ ಏನರ ಗೊತ್ತಾದ್ರ ನಮಗ ಹೇಳ್ತೀರೇನ್ರಿ? ನನ್ನ ಮಕ್ಕಳಿಗೂ ಬರ್ತೈತೇನು?"

ಇಲ್ಲಿಯೇ ಇಂಟರ್ನ್‌ಗಳು ಜಾರುವುದು. "ಹೂಂ, ಹೇಳ್ತೀವಿ" ಅಂದರೆ ಸಹಿ ಬೇಗ ಬೀಳುತ್ತದೆ. ಆದರೆ ಬಹಳಷ್ಟು ಬಯೋಬ್ಯಾಂಕುಗಳು ಒಬ್ಬೊಬ್ಬರಿಗೆ ಫಲಿತಾಂಶ ತಿಳಿಸುವ ವ್ಯವಸ್ಥೆ ಇಟ್ಟುಕೊಂಡಿರುವುದಿಲ್ಲ. ನಿಮ್ಮ ಬಯೋಬ್ಯಾಂಕಿನ ಒಪ್ಪಿಗೆ ಪತ್ರದಲ್ಲಿ ಏನು ಬರೆದಿದೆ ಅದನ್ನೇ ಹೇಳಬೇಕು. ಒಂದು ಅಕ್ಷರ ಹೆಚ್ಚು ಹೇಳಬಾರದು. ನಾವು ಆಕೆಗೆ "ಇದರಿಂದ ನಿಮಗ ರಿಪೋರ್ಟ್ ಬರಂಗಿಲ್ಲ. ಮಕ್ಕಳ ಚಿಂತಿ ಇದ್ರ ಡಾಕ್ಟರ್ ಹತ್ರ ಬೇರೆ ಕೇಳೋಣ" ಅಂತ ಹೇಳಿ, ಡಾಕ್ಟರ್ ಹತ್ತಿರ ಕರೆದೊಯ್ದೆವು. ಯಜಮಾನರು ಆವತ್ತು ಹೆಬ್ಬೆಟ್ಟು ಒತ್ತಲಿಲ್ಲ, ಮನೆಯಲ್ಲಿ ಕೇಳಿ ಹೇಳ್ತೀನಿ ಅಂದರು. ಅದೂ ಸರಿಯಾದ ಉತ್ತರವೇ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ನೀತಿ ಮಾರ್ಗಸೂಚಿಯಲ್ಲಿ ಬಯೋಬ್ಯಾಂಕಿಗೇ ಒಂದು ಅಧ್ಯಾಯವಿದೆ. ಓದಿಕೋ. ಅದರ ಪ್ರಕಾರ ಸ್ಯಾಂಪಲ್ಲಿನ ಒಡೆತನ ಕೊಟ್ಟವರದ್ದೇ, ಬಯೋಬ್ಯಾಂಕ್ ಬರೀ ಕಾಯುವವರು. ಮನಸ್ಸು ಬದಲಾದರೆ ವಾಪಸ್ ಕೇಳುವ ಹಕ್ಕಿದೆ. ಗುರುತೆಲ್ಲ ಪೂರ್ತಿ ಅಳಿಸಿ ಯಾರದೆಂದು ಹುಡುಕಲಾಗದಂತೆ ಮಾಡಿಬಿಟ್ಟಿದ್ದರೆ ಮಾತ್ರ ಆಗುವುದಿಲ್ಲ. ಈ "ಮಾತ್ರ" ಸಹಿಗೆ ಮುಂಚೆ ಹೇಳಬೇಕು. ಓದಲು ಬಾರದವರಿಗೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿ ಬೇಕು, ವಾರ್ಡಿನ ನರ್ಸನ್ನು ಎಳೆದು ತಂದು ಸಹಿ ಹಾಕಿಸುವುದು ಸಾಕ್ಷಿಯಲ್ಲ. ಏಳು ವರ್ಷ ದಾಟಿದ ಮಕ್ಕಳಾದರೆ ಅಪ್ಪ ಅಮ್ಮನ ಒಪ್ಪಿಗೆ ಸಾಲದು, ಮಗುವನ್ನೂ ಕೇಳಬೇಕು.

ಬೆಂಗಳೂರಿನ ಹುಡುಗರಿಗೆ ಬರದ ಒಂದು ವಿದ್ಯೆ ನಿನಗೆ ಹುಟ್ಟಿನಿಂದ ಬಂದಿದೆ, ಆ ಯಜಮಾನರ ಜೊತೆ ಅವರ ಮಾತಿನಲ್ಲೇ ಮಾತಾಡುವುದು. ಅದನ್ನು ಸಹಿ ಗಿಟ್ಟಿಸಲು ಬಳಸಬೇಡ.

ಪ್ರಶ್ನೆ: ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುತ್ತೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಇಂಥ ಊರಲ್ಲಿ ಬಯೋಬ್ಯಾಂಕ್ ನಡೆಸೋಕಾಗುತ್ತಾ?
– ಬಿ.ಎಸ್ಸಿ. ವಿದ್ಯಾರ್ಥಿ, ಸಂಡೂರು

ಉತ್ತರ: ಆಗುತ್ತೆ, ಖರ್ಚಾಗುತ್ತೆ. ಮೈನಸ್ 80ರ ಫ್ರೀಜರ್ ಒಳಗಿನ ಬಿಸಿಯನ್ನು ಕೋಣೆಗೇ ಕಕ್ಕುತ್ತದೆ. ಹೆಚ್ಚಿನ ಮಾಡೆಲ್‌ಗಳು 32 ಡಿಗ್ರಿವರೆಗಿನ ಕೋಣೆಗೆಂದು ಮಾಡಿದವು. ಹಾಗಾಗಿ ನಮ್ಮ ಊರಲ್ಲಿ ಫ್ರೀಜರಿಗೂ ಎಸಿ ಬೇಕು, ಆ ಎಸಿಗೂ ಜನರೇಟರ್ ಬೇಕು. ಫ್ರೀಜರಿಗೆ ಮಾತ್ರ ಜನರೇಟರ್ ಕೊಟ್ಟು ಎಸಿಯನ್ನು ಮರೆತ ಕಡೆ ಕಂಪ್ರೆಸರ್ ಕೂತುಬಿಡುತ್ತದೆ. ನಮ್ಮ ಕೆಂಪು ಧೂಳಿಗೆ ಫಿಲ್ಟರ್ ಬೇಗ ಕಟ್ಟುತ್ತದೆ, ತಿಂಗಳಿಗೊಮ್ಮೆಯಾದರೂ ತೆಗೆದು ತೊಳೆಯಬೇಕು.

ಕರೆಂಟ್ ಹೋದಾಗ ಇಂಟರ್ನ್ ಮಾಡಬೇಕಾದ ದೊಡ್ಡ ಕೆಲಸ ಬಾಗಿಲು ತೆಗೆಯದೇ ಇರುವುದು. "ಒಳಗೆ ಸರಿಯಿದೆಯಾ ನೋಡೋಣ" ಅಂತ ತೆಗೆದವರೇ ಕೆಡಿಸುತ್ತಾರೆ. ತುಂಬಿದ ಫ್ರೀಜರ್ ಖಾಲಿಯದ್ದಕ್ಕಿಂತ ಹೆಚ್ಚು ಹೊತ್ತು ತಣ್ಣಗಿರುತ್ತದೆ. ಅದಕ್ಕೇ ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಸಿಡುವವರೂ ಇದ್ದಾರೆ. ಒಂದು ಫ್ರೀಜರನ್ನು ಚಾಲೂ ಇಟ್ಟು, ಏನೂ ತುಂಬದೆ ಬಿಟ್ಟಿರುತ್ತಾರೆ. ಆಡಿಟ್‌ನವರು "ಇದು ಯಾಕೆ ಖಾಲಿ?" ಅಂತ ಪ್ರತಿ ವರ್ಷ ಕೇಳುತ್ತಾರೆ. ಇನ್ನೊಂದು ಫ್ರೀಜರ್ ಕೆಟ್ಟುಹೋದ ದಿನಕ್ಕೇ ಅದು ಖಾಲಿ. ಒಂದೇ ರೋಗಿಯ ಅರ್ಧ ವೈಲ್‌ಗಳನ್ನು ಬೇರೆ ಫ್ರೀಜರಿನಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇಡುವುದೂ ಇದಕ್ಕೇ. ಡ್ರೈ ಐಸ್ (ಗಟ್ಟಿ ಮಾಡಿದ ಇಂಗಾಲದ ಡೈಆಕ್ಸೈಡ್) ತರಿಸಿದರೆ ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಬೇಡ, ಅನಿಲವಾಗಿ ಉಬ್ಬಿ ಸಿಡಿಯುತ್ತದೆ.

ಪ್ರಶ್ನೆ: 8,000 ರೂಪಾಯಿ ಕಟ್ಟಿದರೆ ಬಯೋಬ್ಯಾಂಕ್ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಆನ್‌ಲೈನ್‌ನಲ್ಲೇ ಕೊಡ್ತಾರಂತೆ. ಕಟ್ಟಲಾ?
– ವಿದ್ಯಾರ್ಥಿ, ಗಂಗಾವತಿ

ಉತ್ತರ: ಬೇಡ. ಪಿಪೆಟ್ ಹಿಡಿಯದೆ ಬಂದ ಸರ್ಟಿಫಿಕೇಟನ್ನು ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಹಿಡಿಯುತ್ತಾರೆ. ಕೆಲವು ಆಸ್ಪತ್ರೆಗಳು ತರಬೇತಿ ಶುಲ್ಕ ಅಂತ ರಸೀದಿ ಕೊಟ್ಟು ತೆಗೆದುಕೊಳ್ಳುವುದುಂಟು, ಅದು ಬೇರೆ. ನಿನಗೇ ದುಡ್ಡು ಕೊಟ್ಟು ಕಲಿಸುವ ಕಡೆಯೂ ಇವೆ: ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್, ಎಂಬಿಬಿಎಸ್ ಓದುವವರಿಗೆ ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನ. ಬೇಸಿಗೆಯ ಫೆಲೋಶಿಪ್ಪಿಗೆ ಅರ್ಜಿ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ, ಪರೀಕ್ಷೆ ಮುಗಿಯಲಿ ಅಂತ ಕಾಯಬೇಡ.

ಪ್ರಶ್ನೆ: ಫ್ರೀಜರ್ ಮುಂದೆ ನಿಂತು ರೀಲ್ಸ್ ಮಾಡಬಹುದಾ?
– ಹೆಸರು ಬರೆದಿಲ್ಲ, ಬಳ್ಳಾರಿ

ಉತ್ತರ: ಬೇಡಪ್ಪಾ. ಹಿಂದೆ ರ್‍ಯಾಕಿನ ಪಟ್ಟಿ, ಕಂಪ್ಯೂಟರ್ ಪರದೆ, ಯಾರದೋ ಆಸ್ಪತ್ರೆ ನಂಬರ್ ಎಲ್ಲ ಕಾಣುತ್ತೆ. ಮೊದಲ ದಿನ ನೀನು ಸಹಿ ಹಾಕುವ ಗೋಪ್ಯತೆ ಪತ್ರ ಓದಿ ನೋಡು.

ಪ್ರಶ್ನೆ: ಮನೆಯ ಪರಿಸ್ಥಿತಿಯಿಂದ ಬೆಂಗಳೂರಿಗೆ ಹೋಗಲಾರೆ. ಕೊಪ್ಪಳದಲ್ಲೇ ಇದ್ದು ಈ ಕೆಲಸ ಕಲಿಯೋ ದಾರಿ ಇದೆಯಾ ಮೇಡಂ?
– ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಇದೆ ಮಗಳೇ. ಯಾವುದೇ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಹೋಗಿ ನೋಡು, ಮೇಣದ ಸಣ್ಣ ಬ್ಲಾಕುಗಳು ಡ್ರಾಯರ್ ತುಂಬ ಇರುತ್ತವೆ. ಆಪರೇಷನ್‌ನಲ್ಲಿ ತೆಗೆದ ತುಂಡನ್ನು ಕೆಡದಂತೆ ಕಾಯುವ ಫಾರ್ಮಲಿನ್ ದ್ರವದಲ್ಲಿ ನೆನೆಸಿ, ನೀರಿನಂಶ ತೆಗೆದು, ಮೇಣದಲ್ಲಿ ಕೂರಿಸಿದವು. ಫ್ರೀಜರ್ ಬೇಡ, ಕರೆಂಟ್ ಬೇಡ, ವರ್ಷಾನುಗಟ್ಟಲೆ ಇರುತ್ತವೆ. ಅಲ್ಲಿಯೂ ಮುಖ್ಯವಾದದ್ದು ಹೊತ್ತೇ: ತುಂಡು ಮೈಯಿಂದ ಹೊರಬಂದು ಎಷ್ಟು ಹೊತ್ತಿಗೆ ಫಾರ್ಮಲಿನ್‌ಗೆ ಬಿತ್ತು, ಅದರಲ್ಲಿ ಎಷ್ಟು ಗಂಟೆ ಇತ್ತು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಪೆಥಾಲಜಿ ಮುಖ್ಯಸ್ಥರಿಗೆ ಕಾಲೇಜಿನಿಂದ ಪತ್ರ ತೆಗೆದುಕೊಂಡು ಹೋಗಿ ಕೇಳು. "ಹಳೇ ರಿಜಿಸ್ಟರ್ ಕಂಪ್ಯೂಟರಿಗೆ ಏರಿಸಿ ಕೊಡ್ತೀನಿ" ಅಂದರೆ ಬೇಡ ಅನ್ನುವವರು ಕಡಿಮೆ, ಆ ಕೆಲಸಕ್ಕೆ ಎಲ್ಲ ಕಡೆ ಜನ ಕೊರತೆ. ರೋಗಿಗಳ ಹೆಸರಿರುವ ಪುಟ, ಆಸ್ಪತ್ರೆಯೊಳಗೇ ಕೂತು ಮಾಡು. ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ಯಬೇಡ.

ರಕ್ತನಿಧಿಯಲ್ಲಿಯೂ ಕೇಳಿ ನೋಡು. ಉದ್ದೇಶ ಬೇರೆ, ಆದರೆ ಬಾರ್‌ಕೋಡ್, ಫ್ರಿಜ್‌ನ ತಾಪಮಾನದ ಪಟ್ಟಿ, ಯಾವ ಚೀಲ ಯಾರಿಗೆ ಹೋಯಿತು ಅನ್ನುವ ಲೆಕ್ಕ, ಇವೆಲ್ಲ ಅಲ್ಲಿ ದಿನವೂ ನಡೆಯುತ್ತವೆ. ಕೆಲಸಕ್ಕೆ ಅರ್ಜಿ ಹಾಕುವಾಗ ಬರೀ ಸರ್ಟಿಫಿಕೇಟ್ ಇಡಬೇಡ. ಯಾವ ರಿಜಿಸ್ಟರ್ ನೋಡಿಕೊಂಡೆ, ಯಾವ ಮಷೀನ್ ನಡೆಸಿದೆ, ಯಾರ ಕೈಕೆಳಗೆ ಅಂತ ವಿಭಾಗದ ಮುಖ್ಯಸ್ಥರಿಂದ ಒಂದು ಪುಟ ಬರೆಸಿಕೊ. ಅವರು ವರ್ಗವಾಗಿ ಹೋಗುವ ಮೊದಲೇ ಬರೆಸಿಕೊ.